ತಿರುಗದ ಸ್ಕ್ರೂ

ಹಳೇ ಹಾಯಿದೋಣಿಯ ಬೂಮ್ ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಆದರೆ ಅದರ ತುದಿಯ ಮುಚ್ಚಳಕ್ಕಿರುವ ನಾಲ್ಕು ಸ್ಕ್ರೂ ತೆಗೆಯೋಕೆ ಎರಡು ದಿನ ಹಿಡಿದರೂ ಆಶ್ಚರ್ಯವಿಲ್ಲ.

ಬೂಮ್ ಅಂದರೆ ಹಾಯಿಕಂಬಕ್ಕೆ ಅಡ್ಡಲಾಗಿ ಸಿಕ್ಕಿಸಿದ ಉದ್ದನೆಯ ಕೊಳವೆ. ದೊಡ್ಡ ಹಾಯಿಯ ಕೆಳ ಅಂಚನ್ನು ಹಿಡಿದಿಡುವುದು ಇದೇ. ಗಾಳಿ ನೋಡಿಕೊಂಡು ಇದು ಎಡಕ್ಕೂ ಬಲಕ್ಕೂ ಹೊರಳಬೇಕಲ್ಲ, ಅದಕ್ಕೆ ಕಂಬದ ಹತ್ತಿರ ಒಂದು ಕೀಲು ಇರುತ್ತದೆ. ಅದರ ಹೆಸರು ಗೂಸ್‌ನೆಕ್. ಕಂಬವನ್ನು ಸುತ್ತಲಿಂದ ಎಳೆದು ನಿಲ್ಲಿಸಿದ ಉಕ್ಕಿನ ತಂತಿಗಳು, ಹಾಯಿ ಏರಿಸುವ ಇಳಿಸುವ ಹಗ್ಗಗಳು, ಇವೆಲ್ಲ ಸೇರಿ ರಿಗ್ಗಿಂಗ್.

1960–70ರ ದಶಕದ ಫೈಬರ್‌ಗ್ಲಾಸ್ ಹಾಯಿದೋಣಿಗಳು ಯುರೋಪ್, ಅಮೆರಿಕದ ಬಂದರುಗಳಲ್ಲಿ ಇವತ್ತಿಗೂ ಬೇಕಾದಷ್ಟು ಸಿಗುತ್ತವೆ. ಸ್ವೀಡನ್ನಿನ ಆಲ್ಬಿನ್ ವೇಗಾ ಅಂಥದ್ದೊಂದು. ಬರೀ 27 ಅಡಿ ಉದ್ದ. 1979ರಲ್ಲಿ ನಿಲ್ಲಿಸುವ ಹೊತ್ತಿಗೆ ಮೂರು ಸಾವಿರಕ್ಕೂ ಜಾಸ್ತಿ ವೇಗಾಗಳು ತಯಾರಾಗಿದ್ದವು. ಅಮೆರಿಕದ ಮ್ಯಾಟ್ ರುದರ್‌ಫೋರ್ಡ್ 2011–12ರಲ್ಲಿ ಇಂಥದ್ದೇ ಹಳೇ ವೇಗಾ ಹತ್ತಿ, ಒಬ್ಬರೇ, ಎಲ್ಲೂ ನಿಲ್ಲದೆ ಉತ್ತರ, ದಕ್ಷಿಣ ಅಮೆರಿಕ ಎರಡನ್ನೂ ಸುತ್ತಿ ಬಂದರು. 309 ದಿನ! ಫೈಬರ್‌ಗ್ಲಾಸ್ ಮೈ ಅಷ್ಟು ಗಟ್ಟಿ. ವಯಸ್ಸು ಕಾಣುವುದು ಅದರ ಮೇಲಿನ ಲೋಹದಲ್ಲಿ, ಅದರಲ್ಲೂ ಒಂದು ಲೋಹ ಇನ್ನೊಂದನ್ನು ಮುಟ್ಟುವ ಜಾಗದಲ್ಲಿ.

ಬಿಚ್ಚುವ ಕ್ರಮ ಸರಳ. ಮೊದಲು ಹಾಯಿ ತೆಗೆಯಬೇಕು. ಬೂಮಿನ ಹಿಂತುದಿಯನ್ನು ಮೇಲಿನಿಂದ ಎತ್ತಿ ಹಿಡಿದಿರುವ ಹಗ್ಗಕ್ಕೆ ಟಾಪಿಂಗ್ ಲಿಫ್ಟ್ ಅಂತಾರೆ. ಅದು ಬಿಸಿಲಿಗೆ ಸವೆದಿದ್ದರೆ ನಂಬಬಾರದು, ಹಾಯಿ ಏರಿಸುವ ಹಗ್ಗವನ್ನೂ ಜೊತೆಗೆ ಕಟ್ಟಿಕೊಳ್ಳಬೇಕು. ಆಮೇಲೆ ಬೂಮನ್ನು ಕೆಳಕ್ಕೆಳೆಯುವ ಹಗ್ಗಗಳನ್ನು ಬಿಚ್ಚಿ, ಕೊನೆಗೆ ಗೂಸ್‌ನೆಕ್‌ನ ಪಿನ್ ಎಳೆಯಬೇಕು. ಇದಕ್ಕೆ ಇಬ್ಬರು ಬೇಕೇ ಬೇಕು. ಹಿಡಿತ ತಪ್ಪಿದ ಬೂಮ್ ಮೊದಲು ಹುಡುಕುವುದು ತಲೆಯನ್ನು. ಒಳಗೆ ಓಡುವ ಹಗ್ಗಗಳನ್ನು ಸುಮ್ನೆ ಎಳೆದುಬಿಡಬಾರದು. ತುದಿಗೆ ಒಂದು ತೆಳು ದಾರ ಕಟ್ಟಿ ಎಳೆದರೆ ದಾರ ಒಳಗೇ ಉಳಿಯುತ್ತದೆ, ಹೊಸ ಹಗ್ಗ ತೂರಿಸುವಾಗ ಪರದಾಡಬೇಕಿಲ್ಲ.

ಇನ್ನು ಸ್ಕ್ರೂ ವಿಷಯ. ಬೂಮ್ ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್. ಎರಡೂ ಬೇರೆಬೇರೆಯಾಗಿ ಒಳ್ಳೆಯವೇ. ನಡುವೆ ಉಪ್ಪುನೀರು ಸೇರಿದರೆ ಮಾತ್ರ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಅಲ್ಯೂಮಿನಿಯಂ ಧಾರಾಳಿ. ಹಾಗಾಗಿ ಕರಗುವುದು ಅದೇ, ಉಕ್ಕು ಆರಾಮಾಗಿ ಉಳಿಯುತ್ತದೆ. ಕರಗಿದ್ದು ಬಿಳಿ ಪುಡಿಯಾಗಿ ಸ್ಕ್ರೂವಿನ ಮರೆಗಳ ನಡುವೆ ತುಂಬಿಕೊಳ್ಳುತ್ತದೆ. ಈ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಜಾಗ ಇಲ್ಲ, ಆದ್ದರಿಂದ ಒಳಗೇ ಒತ್ತಿ ಸ್ಕ್ರೂವನ್ನು ಬಿಗಿಯುತ್ತದೆ. ಬಣ್ಣ ಹಚ್ಚಿದ ಬೂಮಿನಲ್ಲಿ ಸ್ಕ್ರೂ ಸುತ್ತ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ಇದೇ ನಡೆದಿದೆ ಅಂತ ಅರ್ಥ.

ಯಾವುದು ಎಷ್ಟು ದೊಡ್ಡದು ಅನ್ನುವುದೂ ಮುಖ್ಯ. ದೊಡ್ಡ ಅಲ್ಯೂಮಿನಿಯಂ ಕೊಳವೆಯಲ್ಲಿ ಚಿಕ್ಕ ಉಕ್ಕಿನ ಸ್ಕ್ರೂ ಇದ್ದರೆ ಹಾನಿ ನಿಧಾನ, ತೂತಿನ ಸುತ್ತಲಷ್ಟೇ. ಅದನ್ನೇ ತಿರುವುಮುರುವು ಮಾಡಿ ನೋಡಿ. ದೊಡ್ಡ ಉಕ್ಕಿನ ಪಟ್ಟಿಯನ್ನು ಚಿಕ್ಕ ಅಲ್ಯೂಮಿನಿಯಂ ರಿವೆಟ್ ಹೊಡೆದು ಕೂರಿಸಿದರೆ ಕರಗುವ ಭಾರವೆಲ್ಲ ಆ ರಿವೆಟ್ ಮೇಲೇ ಬೀಳುತ್ತದೆ. ಬೇಗ ಉದುರಿಹೋಗುತ್ತದೆ.

ಈ ಪಾಠವನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿಯಿತು. ಮರ ಕೊರೆಯುವ ಹುಳುವಿನ ಕಾಟಕ್ಕೆ 1761ರಲ್ಲಿ ಎಚ್‌ಎಂಎಸ್ ಅಲಾರ್ಮ್ ಅನ್ನುವ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಹೊಡೆದಿದ್ದು ಕಬ್ಬಿಣದ ಮೊಳೆ. 1763ರಲ್ಲಿ ತಳ ನೋಡಿದರೆ ಎಷ್ಟೋ ಮೊಳೆಗಳು ತಿಂದುಹೋಗಿದ್ದವು, ತಗಡು ಕಳಚಿತ್ತು. ಕೆಲವು ಮೊಳೆ ಮಾತ್ರ ಹಾಗೇ ಇದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಕಂದು ಕಾಗದ! ತಗಡಿಗೆ ಸುತ್ತಿ ಬಂದಿದ್ದ ಕಾಗದವನ್ನು ಅಲ್ಲಲ್ಲಿ ಕೀಳದೇ ಬಿಟ್ಟಿದ್ದರು. ಕಬ್ಬಿಣ ತಾಮ್ರವನ್ನು ಮುಟ್ಟದ ಕಡೆ ಏನೂ ಆಗಿರಲಿಲ್ಲ. ಇಟಲಿಯ ವಿಜ್ಞಾನಿ ವೋಲ್ಟಾ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದ್ದು 1800ರಲ್ಲಿ. ಅಂದರೆ ವಿಜ್ಞಾನ ಬರುವ ಸುಮಾರು 40 ವರ್ಷ ಮೊದಲೇ ಉತ್ತರ ಹಡಗಿನ ತಳದಲ್ಲಿ ಅಂಟಿಕೊಂಡಿತ್ತು.

ಇವತ್ತು ಬೂಮಿಗೆ ಮಾಡುವುದೂ ಆ ಕಾಗದದ ಕೆಲಸವೇ. ಸ್ಕ್ರೂ ಹಾಕುವ ಮುಂಚೆ ಡ್ಯೂರಲ್ಯಾಕ್, ಟೆಫ್-ಜೆಲ್ ಥರದ ಪೇಸ್ಟ್ ಮೆತ್ತುತ್ತಾರೆ, ಪಟ್ಟಿಯ ಅಡಿಗೆ ನೈಲಾನ್ ವಾಷರ್ ಇಡುತ್ತಾರೆ. ಕುರಿ ಉಣ್ಣೆಯಿಂದ ಬರುವ ಲ್ಯಾನೋಲಿನ್ ಜಿಡ್ಡು ಬಳಸುವವರೂ ಇದ್ದಾರೆ.

ಅದಕ್ಕೆ ಮೊದಲು ಹಳೇ ಸ್ಕ್ರೂ ಹೊರಗೆ ಬರಬೇಕಲ್ವಾ? ಇಲ್ಲಿ ಬಲ ಹಾಕುವವರು ಸೋಲುತ್ತಾರೆ. ಸ್ಕ್ರೂ ತಲೆ ಕಿತ್ತುಬಂದರೆ ಡ್ರಿಲ್ ಹಿಡಿಯಬೇಕು, ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಡ್ರಿಲ್ ಬಿಟ್ ಉಕ್ಕನ್ನು ಬಿಟ್ಟು ಪಕ್ಕಕ್ಕೇ ಜಾರುತ್ತದೆ. ಸಂದಿಗೆ ಇಳಿಯುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿರುವುದು ಒಳ್ಳೆಯದು. ಮಾರನೇ ದಿನ ಬಿಸಿ. ಒಂದು ಡಿಗ್ರಿ ಏರಿದರೆ ಅಲ್ಯೂಮಿನಿಯಂ ಮೀಟರಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹಿಗ್ಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 16. ಅಂದರೆ ಎರಡನ್ನೂ ಒಟ್ಟಿಗೆ ಕಾಯಿಸಿದರೂ ತೂತು ಸ್ಕ್ರೂವಿಗಿಂತ ಜಾಸ್ತಿ ಅಗಲವಾಗುತ್ತದೆ. ವ್ಯತ್ಯಾಸ ಕೂದಲೆಳೆಗಿಂತ ಎಷ್ಟೋ ಕಡಿಮೆ, ಆದರೆ ಗಟ್ಟಿ ಕೂತ ಬಿಳಿ ಪುಡಿ ಬಿರುಕು ಬಿಡೋಕೆ ಸಾಕು. ಕುದಿಯುವ ನೀರಿನಿಂದ ಶುರುಮಾಡಿ, ಆಗದಿದ್ದರೆ ಬಿಸಿಗಾಳಿ ಊದುವ ಹೀಟ್ ಗನ್ ಹಿಡಿಯಬಹುದು. ಅತಿಯಾಗಿ ಕಾಯಿಸಿದರೆ ಮಾತ್ರ ಕಷ್ಟ. ಬೂಮಿನ ಮಿಶ್ರಲೋಹಕ್ಕೆ ಗಟ್ಟಿತನ ಬಂದಿರುವುದೇ ಹದವಾಗಿ ಕಾಯಿಸಿದ್ದರಿಂದ. ಸುಮಾರು 200 ಡಿಗ್ರಿ ದಾಟಿಸಿ ಹಿಡಿದರೆ ಆ ಹದ ಕೆಡುತ್ತದೆ. ಕೊನೆಗೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು. ಏಟಿನ ಜೊತೆಗೇ ತಿರುವುವ ಈ ಉಪಕರಣಕ್ಕೆ ಹೆಚ್ಚಿನ ಸ್ಕ್ರೂಗಳು ಮಣಿಯುತ್ತವೆ.

ಕಂಬವನ್ನು ಹಿಡಿದ ಉಕ್ಕಿನ ತಂತಿಗಳ ಕಥೆ ಬೇರೆ, ಮತ್ತು ಹೆಚ್ಚು ಅಪಾಯದ್ದು. ಬೂಮ್ ಕೈಕೊಟ್ಟರೆ ದೋಣಿ ಹೇಗೋ ದಡ ಸೇರುತ್ತದೆ, ತಂತಿ ಕೈಕೊಟ್ಟರೆ ಕಂಬವೇ ಬೀಳಬಹುದು. ಸಾಮಾನ್ಯವಾಗಿ 19 ಎಳೆ ಹೊಸೆದ ತಂತಿ ಇರುತ್ತದೆ. 5 ಮಿಲಿಮೀಟರ್ ದಪ್ಪದ್ದು ಸುಮಾರು 2 ಟನ್ ಎಳೆತ ತಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಪಾಡುವುದು ಅದರಲ್ಲಿರುವ ಕ್ರೋಮಿಯಂ. ಗಾಳಿಯ ಆಮ್ಲಜನಕ ಸೇರಿ ಅದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ಗೀರು ಬಿದ್ದರೂ ಪದರ ಮತ್ತೆ ಕೂಡಿಕೊಳ್ಳುತ್ತದೆ, ಆಮ್ಲಜನಕ ಸಿಗುವ ತನಕ. ಸಂದಿಯಲ್ಲಿ ಉಪ್ಪುನೀರು ಹೊಸ ಗಾಳಿ ಕಾಣದೆ ನಿಂತರೆ ಪದರ ಒಡೆದು, ಅಲ್ಲೇ ಗುಳಿ ಬೀಳುತ್ತದೆ. ಉಪ್ಪು ತುಂಬಿಟ್ಟ ಸ್ಟೀಲ್ ಡಬ್ಬಿಯ ತಳದಲ್ಲಿ ಚುಕ್ಕೆಚುಕ್ಕೆ ತೂತಾಗುತ್ತದಲ್ಲ, ಹಾಗೆ. ನಮ್ಮ ಅಜ್ಜಿಯರು ಉಪ್ಪನ್ನು ಪಿಂಗಾಣಿ ಜಾಡಿಯಲ್ಲೇ ಇಡುತ್ತಿದ್ದುದು ಸುಮ್ನೆ ಅಲ್ಲ.

ದೋಣಿಯಲ್ಲಿ ಅಂಥ ಜಾಗ ತಂತಿಯ ಕೆಳತುದಿ. ಅಲ್ಲಿ ಉಕ್ಕಿನ ಬುಡವೊಂದನ್ನು ತಂತಿಗೆ ಒತ್ತಿ ಕೂರಿಸಿರುತ್ತಾರೆ. ಅದರ ಬಾಯಿ ಮೇಲ್ಮುಖ, ತಂತಿಯಲ್ಲಿ ಇಳಿದ ನೀರೆಲ್ಲ ಅದರೊಳಕ್ಕೆ. ಹಾಗಾಗಿ ಮೇಲಿನ ತುದಿಗಿಂತ ಕೆಳಗಿನದ್ದು ಬೇಗ ಸೋಲುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಬುಡದ ಉದ್ದಕ್ಕೆ ಕೂದಲಿನಂಥ ಬಿರುಕು, ಬಾಯಿಯಿಂದ ಇಳಿದ ಕಂದು ಗೆರೆ ಕಾಣಬಹುದು. ತಂತಿಯ ಮೇಲೆ ಹತ್ತಿ ಸವರಿದರೆ ತುಂಡಾದ ಎಳೆ ಹತ್ತಿಯನ್ನು ಹಿಡಿದುಕೊಳ್ಳುತ್ತದೆ. ಒಂದೇ ಎಳೆ ಅಲ್ವಾ ಅಂತ ಬಿಡುವ ಹಾಗಿಲ್ಲ, ಅದರ ಜೊತೆಗಿರುವ 18 ಎಳೆಗೂ ಅಷ್ಟೇ ವಯಸ್ಸು. ಇಡೀ ತಂತಿ ಬದಲಿಸಬೇಕು. 10–15 ವರ್ಷಕ್ಕೊಮ್ಮೆ ಎಲ್ಲ ತಂತಿ ಬದಲಿಸಿ ಅಂತ ಎಷ್ಟೋ ವಿಮೆ ಕಂಪನಿಗಳು ಕೇಳುವುದು ನನಗಂತೂ ಅತಿ ಅನಿಸುವುದಿಲ್ಲ. ಕಂಬ ನಿಂತಿರುವಾಗಲೇ ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ ತಂತಿ, ಅದೂ ಕಂಬದ ತುದಿಯಿಂದ ಬಂದ ಗಟ್ಟಿ ಹಗ್ಗವನ್ನು ಆ ಕಡೆಗೆ ಬಿಗಿದ ಮೇಲೆ.

ತಂತಿ ಬಿಗಿಮಾಡುವ ಟರ್ನ್‌ಬಕಲ್‌ಗೆ ಅನೇಕರು ಮೇಲಿಂದ ಕೆಳಗಿನವರೆಗೆ ಟೇಪ್ ಸುತ್ತುತ್ತಾರೆ. ನೋಡೋಕೆ ಅಚ್ಚುಕಟ್ಟು, ಹಾಯಿಯೂ ಹರಿಯುವುದಿಲ್ಲ. ಆದರೆ ಒಳಗೆ ಉಪ್ಪುನೀರು ನಿಲ್ಲುತ್ತದೆ, ಗಾಳಿ ಹೋಗುವುದಿಲ್ಲ. ಟರ್ನ್‌ಬಕಲ್ ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಚೂಪು ತುದಿಗಷ್ಟೇ ಟೇಪ್ ಸುತ್ತಿದರೆ ಹಾಯಿಗೂ ಸಾಕು, ಉಕ್ಕಿಗೂ ಗಾಳಿ ಸಿಗುತ್ತದೆ.