ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಪ್ರಶ್ನೆ: ದಿನಾ ರಾತ್ರಿ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು ಅಂತ ಅಮ್ಮ ಹೇಳುತ್ತಾರೆ. ಅವರೂ ಹಚ್ಚುತ್ತಾರೆ, ಅವರ ಮುಖ ಈಗಲೂ ನುಣುಪಾಗಿದೆ. ನನ್ನದು ಜಿಡ್ಡು ಚರ್ಮ. ಮೂರು ವಾರ ಹಚ್ಚಿದೆ, ಹಣೆ ತುಂಬಾ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಬಾದಾಮಿ ಎಣ್ಣೆ, ಆಲಿವ್ ಎಣ್ಣೆ ಆದರೆ ಪರವಾಗಿಲ್ವಾ?

ಮೊದಲು ಆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ. ಅಮ್ಮ ಹೇಳಿದ್ದು ಸುಳ್ಳಲ್ಲ, ನಿಮಗೆ ಆಗಿದ್ದೂ ಸುಳ್ಳಲ್ಲ. ವಯಸ್ಸಾದಂತೆ ಚರ್ಮದಲ್ಲಿ ಜಿಡ್ಡು ಕಡಿಮೆಯಾಗುತ್ತದೆ. ಅಂಥ ಚರ್ಮಕ್ಕೆ ಹಿತವಾದ ಎಣ್ಣೆ, ಮೊದಲೇ ಜಿಡ್ಡು ಸುರಿಸುವ ಮುಖಕ್ಕೆ ಭಾರವಾಯಿತು.

ಎಣ್ಣೆಯಲ್ಲಿ ನೀರಿಲ್ಲ. ಹಾಗಾಗಿ ಅದು ಚರ್ಮಕ್ಕೆ ತೇವ ಕೊಡುವುದಿಲ್ಲ. ಇರುವ ತೇವ ಆರಿ ಹೋಗದಂತೆ ಮೇಲೊಂದು ಮುಚ್ಚಳ ಹಾಕುತ್ತದೆ ಅಷ್ಟೇ. ಒಣಗಿ ಬಿರುಬಿರು ಅನ್ನುವ ಮುಖಕ್ಕೆ ಸುಮ್ನೆ ಎಣ್ಣೆ ಸವರಿದರೆ ಮೇಲೆ ಜಿಡ್ಡು, ಒಳಗೆ ಬಿಗಿತ ಹಾಗೇ ಉಳಿಯುವುದು ಇದಕ್ಕೇ. ಮುಖ ತೊಳೆದು, ಒದ್ದೆ ಇರುವಾಗಲೇ ಎರಡು ಹನಿ ಹಚ್ಚಿದರೆ ಕೆಲಸ ಆಗುತ್ತದೆ.

ಈಗ ಕೊಬ್ಬರಿ ಎಣ್ಣೆಯ ವಿಷಯ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಯಾವ ಮನೆಗೆ ಹೋದರೂ ಬೆಳಗ್ಗೆ ಎಣ್ಣೆ ಬಾಟಲಿ ಬಿಸಿನೀರಿನ ಚೊಂಬಿನಲ್ಲಿ ಕೂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಇದು ಗಟ್ಟಿಯಾಗುತ್ತದೆ. ಇದರಲ್ಲಿ ಹೆಚ್ಚುಕಡಿಮೆ 90 ಭಾಗ ಸ್ಯಾಚುರೇಟೆಡ್ ಕೊಬ್ಬು. ಅದರಲ್ಲೂ ಅರ್ಧದ ಹತ್ತಿರ ಲಾರಿಕ್ ಆಮ್ಲ ಎಂಬ ಕೊಬ್ಬಿನಂಶ. ಲ್ಯಾಬಿನಲ್ಲಿ ಲಾರಿಕ್ ಆಮ್ಲ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅನ್ನುವುದು ನಿಜ. ಮೊಬೈಲಿನಲ್ಲಿ ಬರುವ "ಮೊಡವೆಗೆ ಕೊಬ್ಬರಿ ಎಣ್ಣೆ" ವಿಡಿಯೋಗಳೆಲ್ಲ ಹಿಡಿದುಕೊಂಡಿರುವುದು ಈ ಒಂದು ಮಾತನ್ನು. ಆದರೆ ಮೊಡವೆ ಶುರುವಾಗುವುದು ಕೂದಲ ಬುಡದ ತೂತು ಕಟ್ಟಿಕೊಳ್ಳುವುದರಿಂದ. ಆ ತೂತು ಕಟ್ಟಿಸುವುದರಲ್ಲಿ ಕೊಬ್ಬರಿ ಎಣ್ಣೆ ಮುಂದು. ಸೊನ್ನೆಯಿಂದ ಐದರವರೆಗಿನ ಹಳೆಯ ಅಳತೆಯೊಂದಿದೆ, ಅದರಲ್ಲಿ ಇದಕ್ಕೆ 4 ಕೊಟ್ಟಿದ್ದಾರೆ. ಆ ಅಳತೆ ಮಾಡಿದ್ದು ಮೊಲದ ಕಿವಿಯ ಮೇಲೆ. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಆ ಅಂಕಿಯನ್ನೇ ಕಟ್ಟಪ್ಪಣೆ ಅಂತ ನಾನು ಹೇಳುವುದಿಲ್ಲ. ಮೊಡವೆ ಏಳುವ ಮುಖದವರು ಮಾತ್ರ ಅದನ್ನು ನಂಬಿ ದೂರ ಇರುವುದೇ ಒಳ್ಳೆಯದು.

ಹಾಗಂತ ಕೊಬ್ಬರಿ ಎಣ್ಣೆಯನ್ನು ಬೈಯಬೇಕಾಗಿಲ್ಲ. 2004ರಲ್ಲಿ ಫಿಲಿಪ್ಪೀನ್ಸ್‌ನ ವೈದ್ಯರು ಒಣಗಿದ ಕಾಲುಗಳಿಗೆ ಎರಡು ವಾರ ಇದನ್ನು ಹಚ್ಚಿಸಿ ನೋಡಿದರು. ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮೊಣಕಾಲು, ಮೊಣಕೈ, ಒಡೆದ ಹಿಮ್ಮಡಿಗೆ ಧಾರಾಳವಾಗಿ ಹಚ್ಚಿ. ಕಾಲಿನ ಚರ್ಮ ಬೇರೆ, ಹಣೆಯ ಚರ್ಮ ಬೇರೆ.

ಹಣೆ ಅಂದಾಗ ಇನ್ನೊಂದು ನೆನಪಾಯಿತು. ನೀವು ತಲೆಗೂ ಎಣ್ಣೆ ಹಾಕಿಕೊಂಡು ಮಲಗುತ್ತೀರಾ? ಹಾಗಿದ್ದರೆ ದಿಂಬಿನ ಕವರು ನೋಡಿ. ನಡುವೆ ಹಳದಿ ಕಲೆ ಇರುತ್ತದೆ, ಅಲ್ವಾ? ರಾತ್ರಿಯಿಡೀ ಕೆನ್ನೆ ಒರಗಿದ್ದು ಅದೇ ಎಣ್ಣೆಯ ಮೇಲೆ. ತಲೆಗೆ ಹಾಕಿದ ಜಿಡ್ಡು ಇಳಿದು, ಕೂದಲು ಶುರುವಾಗುವ ಗೆರೆಗುಂಟ ಗುಳ್ಳೆ ಏಳುವುದನ್ನು ಅಮೆರಿಕದ ಚರ್ಮವೈದ್ಯರು 1970ರಲ್ಲೇ ಗುರುತಿಸಿ "ಪೊಮೇಡ್ ಮೊಡವೆ" ಅಂತ ಹೆಸರಿಟ್ಟಿದ್ದರು. ಪೊಮೇಡ್ ಅಂದರೆ ಕೂದಲಿಗೆ ಹಚ್ಚುವ ಜಿಡ್ಡಿನ ಮುಲಾಮು. ನಮ್ಮಲ್ಲಿ ಎಷ್ಟೋ ಮಕ್ಕಳ ಹಣೆಯ ಮೇಲಿರುವುದು ಇದೇ ಇರಬಹುದು ಅನ್ನಿಸುತ್ತದೆ.

ಗುಳ್ಳೆಗಳೆಲ್ಲ ಒಂದೇ ಗಾತ್ರ ಇವೆಯಾ? ಬೆವರಿದಾಗ ತುರಿಕೆ ಜಾಸ್ತಿಯಾ? ಹಾಗಾದರೆ ಅದು ಮೊಡವೆ ಅಲ್ಲದೆ ಫಂಗಸ್ ಇರಬಹುದು. ಚಿಬ್ಬು, ತಲೆಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಫಂಗಸ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ಅದರ ಊಟವೇ ಎಣ್ಣೆಯ ಕೊಬ್ಬು. ಲ್ಯಾಬಿನಲ್ಲಿ ಅದನ್ನು ಬೆಳೆಸಬೇಕಾದರೆ ಆಲಿವ್ ಎಣ್ಣೆ ಹಾಕುತ್ತಾರೆ. ಚಿಬ್ಬು ಇರುವ ಮುಖಕ್ಕೆ, ಮೂಗಿನ ಪಕ್ಕ ಕೆಂಪಾಗಿ ಹೊಟ್ಟು ಉದುರುವ ಮುಖಕ್ಕೆ ಯಾವ ಅಡುಗೆ ಎಣ್ಣೆಯೂ ಬೇಡ.

ಆಲಿವ್ ಎಣ್ಣೆ ದುಬಾರಿ, ಅದಕ್ಕೇ ಒಳ್ಳೆಯದಿರಬೇಕು ಅನ್ನಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 19 ಜನರ ಮುಂಗೈಗೆ ಕೆಲವು ವಾರ ಎಣ್ಣೆ ಹಚ್ಚಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಲಿವ್ ಹಚ್ಚಿದ ಕಡೆ ಚರ್ಮದ ಹೊರಪದರ ದುರ್ಬಲವಾಗಿ ಸ್ವಲ್ಪ ಕೆಂಪಾಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದ ಕಡೆ ಪದರ ಗಟ್ಟಿಯಾಗೇ ಉಳಿಯಿತು. ಆಲಿವ್‌ನಲ್ಲಿ ಓಲಿಯಿಕ್ ಆಮ್ಲ ಎಂಬ ಕೊಬ್ಬಿನಂಶ ಜಾಸ್ತಿ, ಸೂರ್ಯಕಾಂತಿಯಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿ. ಬಾದಾಮಿಯೂ ಓಲಿಯಿಕ್ ಗುಂಪಿನದೇ. ಅಂಗಡಿಯ "ಬಾದಾಮಿ ಹೇರ್ ಆಯಿಲ್" ಕೊಳ್ಳುವ ಮುಂಚೆ ಹಿಂದಿನ ಚೀಟಿ ಓದಿ. ಎಷ್ಟೋ ಬಾಟಲಿಗಳಲ್ಲಿ ಮೊದಲ ಹೆಸರೇ ಲಿಕ್ವಿಡ್ ಪ್ಯಾರಾಫಿನ್ (ಅಂದರೆ ಅದೇ ಮಿನರಲ್ ಆಯಿಲ್), ಬಾದಾಮಿ ಎಲ್ಲೋ ಕೊನೆಯಲ್ಲಿ.

ಎಣ್ಣೆ ಹಚ್ಚಲೇಬೇಕು ಅನ್ನುವವರಿಗೆ ನಾನು ಹೇಳುವುದು ಕುಸುಬೆ ಎಣ್ಣೆ. ವಿಜಯಪುರ, ಕಲಬುರಗಿ ಕಡೆಯ ಮನೆಗಳಲ್ಲಿ ಇದು ಅಡುಗೆ ಎಣ್ಣೆ. ಇದರಲ್ಲಿ 70 ಭಾಗಕ್ಕಿಂತ ಜಾಸ್ತಿ ಲಿನೋಲಿಯಿಕ್ ಆಮ್ಲವಿದೆ. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಕಡಿಮೆ ಇರುವುದು ಇದೇ ಆಮ್ಲ. ಹಾಗಂತ ಕುಸುಬೆ ಹಚ್ಚಿದರೆ ಮೊಡವೆ ವಾಸಿಯಾಗುತ್ತದೆ ಅಂದುಕೊಳ್ಳಬೇಡಿ. ಹಗುರ, ಬೇಗ ಹರಡುತ್ತದೆ, ಅಷ್ಟು. ಬಾಟಲಿಯ ಮೇಲೆ "ಹೈ ಓಲಿಯಿಕ್" ಅಂತಿದ್ದರೆ ಅದು ಬೇರೆ ತಳಿಯದು, ಬೇಡ. ಈ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಚಿಕ್ಕ ಬಾಟಲಿ ತಂದು ಕತ್ತಲಲ್ಲಿಡಿ, ವಾಸನೆ ಬದಲಾದ ದಿನ ಮುಖಕ್ಕೆ ಮುಟ್ಟಿಸಬೇಡಿ.

"ಹಿಂದಿನವರು ಹಚ್ಚುತ್ತಿರಲಿಲ್ವಾ?" ಅಂತ ಅಮ್ಮ ಕೇಳಬಹುದು. ಹಚ್ಚುತ್ತಿದ್ದರು. ದೀಪಾವಳಿ ಬೆಳಗ್ಗೆ ನಮ್ಮಜ್ಜಿ ಮಣೆಯ ಮೇಲೆ ಕೂರಿಸಿ, ಎಳ್ಳೆಣ್ಣೆ ಬೆಚ್ಚಗೆ ಮಾಡಿ, ನೆತ್ತಿಯಿಂದ ಪಾದದವರೆಗೆ ತಿಕ್ಕುತ್ತಿದ್ದಳು. ಮುಖ ಮಿರಮಿರ ಮಿಂಚುತ್ತಿತ್ತು. ಆಮೇಲೆ? ಹಂಡೆಯ ಸುಡುನೀರು, ಕಣ್ಣು ಉರಿಸುವ ಸೀಗೆಪುಡಿ, ಕೆನ್ನೆಗೆ ಕಡಲೆಹಿಟ್ಟು. ಜಿಡ್ಡು ಹೋಗುವವರೆಗೆ ನಮ್ಮನ್ನು ಬಚ್ಚಲಿಂದ ಬಿಡುತ್ತಿರಲಿಲ್ಲ. ಎಣ್ಣೆ ಹಚ್ಚುವಷ್ಟೇ ಮುತುವರ್ಜಿಯಿಂದ ಅದನ್ನು ತೆಗೆಯುತ್ತಿದ್ದಳು. ಜಿಡ್ಡು ಚರ್ಮದವರಿಗೂ ಈ ದಾರಿ ಸರಿಹೋಗುತ್ತದೆ. ಸಂಜೆ ಎರಡು ಹನಿ ಕುಸುಬೆ ಎಣ್ಣೆಯಿಂದ ಮುಖ ಸವರಿದರೆ ಸನ್‌ಸ್ಕ್ರೀನ್, ಮೇಕಪ್ ಬಿಡುತ್ತದೆ. ನಂತರ ಫೇಸ್‌ವಾಶ್ ಹಾಕಿ ಪೂರ್ತಿ ತೊಳೆಯಬೇಕು.

ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. ಯಾವ ಎಣ್ಣೆಯೂ ಬಿಸಿಲಿನಿಂದ ಕಾಪಾಡುವುದಿಲ್ಲ. ಟೀ ಟ್ರೀ, ನಿಂಬೆ, ಲ್ಯಾವೆಂಡರ್ ಅಂತ ಪುಟ್ಟ ಸೀಸೆಯಲ್ಲಿ ಬರುವ ಸುಗಂಧ ತೈಲಗಳನ್ನು ಹಾಗೇ ಮುಖಕ್ಕೆ ಹಚ್ಚಬೇಡಿ, ಚರ್ಮ ಸುಡಬಹುದು.

ನೀವು ಈಗ ಮಾಡಬೇಕಾದ್ದು: ದಿಂಬಿನ ಕವರು ಬದಲಿಸಿ. ತಲೆಗೆ ಎಣ್ಣೆ ಹಾಕುವ ದಿನ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ. ಕಟ್ಟಿಕೊಂಡ ತೂತು ತೆರೆಯಲು ವಾರಗಳೇ ಬೇಕು, ಗುಳ್ಳೆ ಹಿಸುಕಬೇಡಿ. ಒಂದೂವರೆ ತಿಂಗಳಾದರೂ ಇಳಿಯದಿದ್ದರೆ, ನೋವು ಅಥವಾ ತುರಿಕೆ ಇದ್ದರೆ ಇನ್ನೂ ಬೇಗ, ಚರ್ಮದ ಡಾಕ್ಟರಿಗೆ ತೋರಿಸಿ. ಮುಂದೆ ಯಾವುದೇ ಎಣ್ಣೆ ಹಚ್ಚುವ ಮನಸ್ಸಾದರೆ ಮೊದಲು ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ ರೂಪಾಯಿ ಬಿಲ್ಲೆಯಷ್ಟು ಜಾಗಕ್ಕೆ ಹತ್ತು ದಿನ ಹಚ್ಚಿ ನೋಡಿ. ಅಮ್ಮನ ಬಾಟಲಿ ಅವರ ಹತ್ತಿರವೇ ಇರಲಿ, ಹಿಮ್ಮಡಿ ಒಡೆದಾಗ ನೀವೂ ಕೇಳಿ ತಗೊಳ್ಳಿ.