ಆಸ್ಟ್ರಿಡ್ ಹೆಸರಿನೊಳಗಿನ ಟಕಾರ ಎಲ್ಲಿಂದ ಬಂತು?

ಆಸ್ಟ್ರಿಡ್ ಎಂಬುದು ಸ್ಕ್ಯಾಂಡಿನೇವಿಯದ ಹೆಣ್ಣುಮಕ್ಕಳ ಹೆಸರು. ಅದನ್ನು ಕೇಳಿದ ಕೂಡಲೇ ಆಸ್ಟ್ರಾನಮಿ ನೆನಪಾಗಿ ‘ನಕ್ಷತ್ರ’ ಎಂದು ಅರ್ಥ ಹೇಳಿಬಿಡುವವರಿದ್ದಾರೆ. ಅದನ್ನು ನಮ್ಮ ‘ಅಸ್ತ್ರ’ದವರೆಗೆ ಎಳೆದು ತರುವುದೂ ಕಷ್ಟವಲ್ಲ. ಎರಡೂ ತಪ್ಪು. ಈ ಗೊಂದಲಕ್ಕೆಲ್ಲ ಕಾರಣವಾದ ಟಕಾರ ಮೂಲ ಹೆಸರಿನಲ್ಲಿ ಇರಲೇ ಇಲ್ಲ.

ಸ್ಕ್ಯಾಂಡಿನೇವಿಯದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಇದು ‘ಆಸ್‌ಫ್ರೀದ್ರ್’. ‘ಆಸ್’ ಎಂದರೆ ದೇವತೆ, ಓಡಿನ್, ಥಾರ್ ಮೊದಲಾದವರ ಕುಲದವನು. ಅದರ ಇನ್ನೂ ಹಳೆಯ ರೂಪ ‘ಅನ್ಸು’. 6ನೇ ಶತಮಾನದಲ್ಲಿ ಗೋಥರೆಂಬ ಜರ್ಮಾನಿಕ್ ಜನರ ಇತಿಹಾಸ ಬರೆದ ಜೋರ್ಡಾನೆಸ್, ಅವರು ತಮ್ಮ ನಾಯಕರನ್ನು ‘ಅನ್ಸಿಸ್’, ಅಂದರೆ ಅರೆದೇವತೆಗಳು, ಎಂದು ಕರೆಯುತ್ತಿದ್ದರೆಂದು ದಾಖಲಿಸಿದ್ದಾನೆ. ಸಕಾರದ ಹಿಂದಿದ್ದ ಅನುನಾಸಿಕ ಉದುರಿ ಸ್ವರ ದೀರ್ಘವಾಯಿತು. ನಮ್ಮ ‘ಹಂಸ’ದ ದಾಯಾದಿ ಜರ್ಮನ್ನಿನಲ್ಲಿ ‘ಗಾನ್ಸ್’ ಆಗಿ ಉಳಿದು ನಾರ್ಸ್‌ನಲ್ಲಿ ‘ಗಾಸ್’ ಆದದ್ದೂ ಹೀಗೆಯೇ. ‘ಫ್ರೀದ್ರ್’ ಎಂದರೆ ಚೆಲುವೆ, ಅಕ್ಕರೆಯವಳು. ಸಂಸ್ಕೃತದ ಪಕಾರಕ್ಕೆ ಜರ್ಮಾನಿಕ್ ಭಾಷೆಗಳಲ್ಲಿ ಫಕಾರ ಸಿಗುವುದು ‘ಪಿತೃ–ಫಾದರ್’ ಜೋಡಿಯಿಂದ ಗೊತ್ತೇ ಇದೆ. ‘ಫ್ರೀದ್ರ್’ ಮತ್ತು ‘ಪ್ರೀತ’ ಒಂದೇ ಬೇರಿನವು.

ಹಾಗೆಂದು ‘ದೇವರಿಗೆ ಪ್ರಿಯಳಾದವಳು’ ಎಂದು ಸಮಾಸ ಬಿಡಿಸಿ ತೃಪ್ತರಾಗಬಾರದು. ಹಿರಿಯರೊಬ್ಬರ ಹೆಸರಿನಿಂದ ಒಂದು ತುಂಡು, ಮತ್ತೊಬ್ಬರಿಂದ ಇನ್ನೊಂದು ತುಂಡು ತೆಗೆದು ಜೋಡಿಸುವ ರೂಢಿ ಆ ಜನರಲ್ಲಿತ್ತು. ‘ಗುನ್’ ಎಂದರೂ ಯುದ್ಧ, ‘ಹಿಲ್ಡ್’ ಎಂದರೂ ಯುದ್ಧ. ಆದರೂ ಹೆಣ್ಣುಮಕ್ಕಳಿಗೆ ಗುನ್‌ಹಿಲ್ಡ್ ಎಂದು ಹೆಸರಿಡುತ್ತಿದ್ದರು. ಆ ಹೆಸರಿನಿಂದ ವಾಕ್ಯ ಹೊರಡಿಸಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ತುಂಡುಗಳ ಮೂಲಕ ಮಗು ಯಾವ ಮನೆತನದ್ದು ಎಂದು ತಿಳಿಯುತ್ತಿತ್ತು. ಹೆಣ್ಣೋ ಗಂಡೋ ಎಂಬುದನ್ನು ಕೊನೆಯ ತುಂಡು ಹೇಳುತ್ತಿತ್ತು. ಸಿಗ್ರಿಡ್, ಇಂಗ್ರಿಡ್ ಹೆಸರುಗಳ ಕೊನೆಯಲ್ಲಿರುವುದೂ ಇದೇ ‘ಫ್ರೀದ್ರ್’.

ಈಗ ಟಕಾರದ ವಿಷಯ. ಸ್-ಫ್-ರ್ ಮೂರು ವ್ಯಂಜನಗಳು ಒತ್ತಾದಾಗ ನಡುವಿನ ಫಕಾರ ಸವೆದುಹೋಯಿತು. ಉಳಿದದ್ದು ಸ್ ಮತ್ತು ರ್. ಸಕಾರ ಉಚ್ಚರಿಸುವಾಗ ನಾಲಿಗೆಯ ಮುಂಭಾಗ ಮೇಲ್ಹಲ್ಲಿನ ಹಿಂದಿನ ಒಸಡಿಗೆ ತೀರಾ ಹತ್ತಿರ ನಿಂತು, ಸಣ್ಣ ಸಂದಿನಿಂದ ಗಾಳಿ ಬಿಡುತ್ತದೆ. ರಕಾರಕ್ಕೆ ತುದಿ ಅಲ್ಲಿಯೇ ಬಡಿಯಬೇಕು. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಆ ಸಂದು ಒಂದು ಕ್ಷಣ ಪೂರ್ತಿ ಮುಚ್ಚಿಕೊಂಡರೆ ಗಾಳಿ ಹಿಂದೆ ಕಟ್ಟಿಕೊಳ್ಳುತ್ತದೆ. ಬಿಟ್ಟಾಗ ಹೊಮ್ಮುವುದೇ ಟಕಾರ. ಸಕಾರದ ವೇಳೆ ಧ್ವನಿತಂತುಗಳು ಕಂಪಿಸುವುದಿಲ್ಲ, ರಕಾರದ ಕಂಪನ ಇನ್ನೂ ಶುರುವಾಗಿಲ್ಲ. ಆದ್ದರಿಂದಲೇ ಅಲ್ಲಿ ಡಕಾರ ಹುಟ್ಟುವುದಿಲ್ಲ. ‘ಸಹಸ್ರ’ವನ್ನು ‘ಸಹಸ್ತ್ರ’ ಎಂದು ಬರೆದವರನ್ನು ನಾವು ತಿದ್ದುತ್ತೇವಲ್ಲ, ಅವರ ನಾಲಿಗೆ ಮಾಡಿದ್ದೂ ಇದನ್ನೇ. ‘ಸ್ರವಿಸು’, ‘ಸ್ರೋತ’ಗಳ ಧಾತುವಿಗೆ ಜರ್ಮಾನಿಕ್ ಕಡೆ ಟಕಾರ ಸೇರಿ ಇಂಗ್ಲಿಷಿನ ‘ಸ್ಟ್ರೀಮ್’ ಬಂತು. ಸಂಸ್ಕೃತದ ‘ಸ್ವಸೃ’ವಿನಲ್ಲಿ ಕಾಣದ ಟಕಾರ ‘ಸಿಸ್ಟರ್’ನಲ್ಲಿ ಕಾಣುವುದಕ್ಕೂ ಕಾರಣ ಬೇರೆಯಲ್ಲ. ಹಿಂದಿರುವುದು ಮಕಾರವಾದರೆ ತುಟಿ ಮುಚ್ಚಿದ್ದರಿಂದ ಬಕಾರ ಹುಟ್ಟುತ್ತದೆ: ‘ಆಮ್ರ’ ಪ್ರಾಕೃತದಲ್ಲಿ ‘ಅಂಬ’ವಾಯಿತು.

ಇದು ಬರೀ ಊಹೆಯಲ್ಲ, ಕಲ್ಲಿನ ಮೇಲೆ ಕೊರೆದದ್ದಿದೆ. ಈಗ ಉತ್ತರ ಜರ್ಮನಿಯಲ್ಲಿರುವ ಹೆಡೆಬಿಯಲ್ಲಿ ರೂನ್ ಎಂಬ ಹಳೆಯ ಜರ್ಮಾನಿಕ್ ಲಿಪಿ ಕೊರೆದ, 10ನೇ ಶತಮಾನದ ಎರಡು ಕಲ್ಲುಗಳು ಸಿಕ್ಕಿವೆ. ಗ್ನೂಪಾನಿಂದ ಪಡೆದ ಮಗ ಸಿಗ್‌ಟ್ರಿಗ್‌ನ ನೆನಪಿಗೆ ಅವನ್ನು ನಿಲ್ಲಿಸಿದ ತಾಯಿಯ ಹೆಸರು ಎರಡರಲ್ಲೂ ಫಕಾರ ಸಮೇತ ‘ಅಸ್ಫ್ರಿಥ್ರ್’ ಎಂದಿದೆ. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಟ್ಯಾಬಿಯಲ್ಲಿ, 11ನೇ ಶತಮಾನದ ಕಲ್ಲಿನಲ್ಲಿ, ಜೆರುಸಲೇಮಿಗೆ ಹೋಗಿ ಗ್ರೀಸಿನಲ್ಲಿ ತೀರಿಕೊಂಡ ಗಂಡ ಆಯ್‌ಸ್ಟೈನ್‌ಗಾಗಿ ಕಲ್ಲು ನಿಲ್ಲಿಸಿದವಳು ‘ಅಸ್ಟ್ರಿಥ್ರ್’. ಫಕಾರ ಮಾಯ, ಟಕಾರ ಹಾಜರು.

ಡೆನ್ಮಾರ್ಕಿನಲ್ಲಿ ಇದೇ ಹೆಸರು ಎಸ್ಟ್ರಿಡ್. 1047ರಲ್ಲಿ ದೊರೆಯಾದ ಸ್ವೆನ್, ತಂದೆಯ ಹೆಸರಿನ ಬದಲು ತಾಯಿ ಎಸ್ಟ್ರಿಡ್ ಹೆಸರಿನಿಂದ ಸ್ವೆನ್ ಎಸ್ಟ್ರಿಡ್ಸೆನ್ ಎಂದು ಪ್ರಸಿದ್ಧನಾದ. ತಾಯಿ ಕ್ನೂಟ್ ಮಹಾರಾಜನ ತಂಗಿ. ಸಿಂಹಾಸನದ ಹಕ್ಕು ಅವಳ ಕಡೆಯಿಂದ ಬಂದಿತ್ತು.

ಕ್ರೈಸ್ತ ಸಂತರ ಹೆಸರುಗಳಾದ ಮಾರ್ಗರೇಟಾ, ಕ್ರಿಸ್ಟೀನಾ ಬಂದ ಮೇಲೆ ಆಸ್ಟ್ರಿಡ್ ಹಿಂದೆ ಸರಿಯಿತು. 19ನೇ ಶತಮಾನದಲ್ಲಿ ನಾರ್ಡಿಕ್ ನಾಡುಗಳು ತಮ್ಮ ಹಳೆಯ ಕಥನಗಳನ್ನು ಮತ್ತೆ ಅಪ್ಪಿಕೊಂಡಾಗ ಮರಳಿತು. 1905ರಲ್ಲಿ ಹುಟ್ಟಿದ ಸ್ವೀಡನ್ನಿನ ರಾಜಕುಮಾರಿ, 1907ರಲ್ಲಿ ಹುಟ್ಟಿದ ಲೇಖಕಿ ಲಿಂಡ್‌ಗ್ರೆನ್ ಇಬ್ಬರೂ ಆ ಅಲೆಯ ಆಸ್ಟ್ರಿಡ್‌ಗಳು. ರಾಜಕುಮಾರಿ ಬೆಲ್ಜಿಯಂಗೆ ಸೊಸೆಯಾಗಿ ಹೋಗಿ ರಾಣಿಯಾಗಿ, 1935ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದಳು. ಹೆಸರು ಫ್ರೆಂಚ್ ಮಾತನಾಡುವವರ ಮನೆಗಳಿಗೂ ಹಬ್ಬಿತು. ಅಜ್ಜಿಯ ಹೆಸರು ಹಳತೆನಿಸುತ್ತದೆ, ಮುತ್ತಜ್ಜಿಯದು ಹೊಸತೆನಿಸುತ್ತದೆ. ಹೀಗಾಗಿ 21ನೇ ಶತಮಾನದಲ್ಲಿ ಸ್ಕ್ಯಾಂಡಿನೇವಿಯದ ಶಿಶುಗಳಿಗೆ ಇದು ಮತ್ತೆ ಅಚ್ಚುಮೆಚ್ಚು.

ನಾರ್ವೆಯವರನ್ನು ಕರೆಯುವಾಗ ಕೊನೆಯ ಡಕಾರ ಬಿಟ್ಟು ‘ಆಸ್ಟ್ರಿ’ ಎನ್ನಬೇಕು. ಬರೆಯುವಾಗಲೂ ಅದನ್ನು ಕೈಬಿಟ್ಟವರುಂಟು. ಐಸ್‌ಲ್ಯಾಂಡಿನವರು ಮಾತ್ರ ‘ಆಸ್ಟ್ರೀದುರ್’ ಎಂದು ಕೊನೆಯ ರಕಾರವನ್ನೂ ಉಳಿಸಿಕೊಂಡು, ನಮ್ಮಂತೆ ಹೆಸರಿಗೆ ವಿಭಕ್ತಿ ಹಚ್ಚುತ್ತಾರೆ: ದ್ವಿತೀಯೆಯಲ್ಲಿ ಅದು ‘ಆಸ್ಟ್ರೀದಿ’, ಷಷ್ಠಿಯಲ್ಲಿ ‘ಆಸ್ಟ್ರೀದರ್’.