ಬಯಾಥ್ಲೀಟ್‌ಗಳು ಎದೆಬಡಿತ ನಿಲ್ಲಿಸಿ ಗುಂಡು ಹೊಡೆಯುತ್ತಾರಾ?

ಪ್ರಶ್ನೆ: ಬಯಾಥ್ಲಾನ್‌ನಲ್ಲಿ (ಸ್ಕೀ ಓಟ, ನಡುನಡುವೆ ರೈಫಲ್ ಶೂಟಿಂಗ್) ನಾರ್ವೆಯ ಓಲೆ ಐನಾರ್ ಬ್ಯೋರ್ನ್‌ಡಾಲೆನ್ 40ನೇ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದರಲ್ಲ, ಹೇಗೆ? ಎದೆಬಡಿತ ಇಳಿಸಿಕೊಂಡು, ಎರಡು ಬಡಿತದ ನಡುವೆ ಗುಂಡು ಹಾರಿಸುವ ವಿದ್ಯೆ ಅವರಿಗಿತ್ತಂತೆ. ನಿಜವಾ?

ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ನಿಜವಲ್ಲ ಎಂದು ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸ್ಕೀ ಮಾಡುತ್ತಾ ಶೂಟಿಂಗ್ ಜಾಗಕ್ಕೆ ಬರುವ ಹೊತ್ತಿಗೆ ಎದೆ ನಿಮಿಷಕ್ಕೆ 170-180 ಸಲ ಬಡಿಯುತ್ತಿರುತ್ತದೆ. ಎರಡು ಬಡಿತದ ನಡುವೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಆ ಸಂದಿ ನೋಡಿಕೊಂಡು ಟ್ರಿಗರ್ ಒತ್ತುವುದು ಆಗುವ ಮಾತಲ್ಲ.

ಸ್ವಲ್ಪ ಸುಧಾರಿಸಿಕೊಂಡು ಹೊಡೆಯಬಹುದಲ್ವಾ? ಹೊಡೆಯಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಸ್ಪ್ರಿಂಟ್ ಎಂಬ ಕಿರು ಸ್ಪರ್ಧೆಯಲ್ಲಿ ಒಂದು ಗುರಿ ತಪ್ಪಿದರೆ 150 ಮೀಟರ್‌ನ ಪೆನಾಲ್ಟಿ ಸುತ್ತು ಹಾಕಬೇಕು. ಒಳ್ಳೆಯ ಸ್ಕೀಯರ್‌ಗೆ ಅದು 22-25 ಸೆಕೆಂಡಿನ ಕೆಲಸ. ಎದೆಬಡಿತ ಪೂರ್ತಿ ಇಳಿಯಲು ನಿಮಿಷಗಳೇ ಬೇಕು. ಒಂದೇ ನಿಮಿಷ ಸುಮ್ನೆ ಕಾದರೂ ಎರಡು ಗುರಿ ತಪ್ಪಿದ್ದಕ್ಕಿಂತ ಜಾಸ್ತಿ ನಷ್ಟ. ಹಾಗಿರುವಾಗ ಯಾರು ಕಾಯುತ್ತಾರೆ ಹೇಳಿ?

ಅವರು ಮಾಡುವುದು ಇಷ್ಟು. ಶೂಟಿಂಗ್ ಜಾಗ ಹತ್ತಿರವಾದಂತೆ ವೇಗ ಸ್ವಲ್ಪ ತಗ್ಗಿಸುತ್ತಾರೆ. ಬೆನ್ನಿನ ಮೇಲಿನ ರೈಫಲ್ ಇಳಿಸುತ್ತಾರೆ. ಉಸಿರು ಸ್ವಲ್ಪ ಬಿಟ್ಟು, ಕ್ಷಣ ತಡೆದು, ಒಂದು ಗುಂಡು. ಮತ್ತೆ ಉಸಿರು, ಮತ್ತೆ ಗುಂಡು. ಐದೂ ಗುಂಡು ಅರ್ಧ ನಿಮಿಷದೊಳಗೆ ಮುಗಿಯುತ್ತವೆ. ಅಷ್ಟು ಹೊತ್ತೂ ಎದೆ ಡವಡವ ಅನ್ನುತ್ತಲೇ ಇರುತ್ತದೆ. ಮಲಗಿ ಹೊಡೆಯುವಾಗ ತೋಳಿಗೆ ಬಿಗಿದ ಪಟ್ಟಿಯ ಮೂಲಕ ನಾಡಿಮಿಡಿತ ರೈಫಲ್‌ಗೂ ತಾಗುತ್ತದೆ. ಗುರಿ ಇರುವುದು 50 ಮೀಟರ್ ದೂರದಲ್ಲಿ, ಅಗಲ 45 ಮಿಲಿಮೀಟರ್, ಅಂದರೆ ಒಂದು ನಿಂಬೆಹಣ್ಣಿನಷ್ಟು. ನಿಂತು ಹೊಡೆಯುವಾಗ ಮೈಯೇ ತೂಗುತ್ತದೆ, ಅದಕ್ಕೇ ಗುರಿ 115 ಮಿಲಿಮೀಟರ್‌ನಷ್ಟು ದೊಡ್ಡದು. ಈ ನಡುಕದಲ್ಲೇ ಹೊಡೆಯುವುದನ್ನು ವರ್ಷಗಟ್ಟಲೆ ಕಲಿಯುತ್ತಾರೆ. ಆ ದುಡಿಮೆಯನ್ನು ಬಿಟ್ಟು ಇಲ್ಲದ ಮಂತ್ರವನ್ನು ಹೊಗಳುವುದು ನನಗೆ ಬೇಸರದ ವಿಷಯ.

ಈಗ 40ರ ಚಿನ್ನದ ಮಾತು. 2014ರ ಸೋಚಿ ಒಲಿಂಪಿಕ್ಸ್‌ನ ಸ್ಪ್ರಿಂಟ್‌ನಲ್ಲಿ ಬ್ಯೋರ್ನ್‌ಡಾಲೆನ್ ಒಂದು ಗುರಿ ತಪ್ಪಿಸಿದರು. ಬೆಳ್ಳಿ ಗೆದ್ದ ಆಸ್ಟ್ರಿಯಾದ ಡೊಮಿನಿಕ್ ಲಾಂಡರ್ಟಿಂಗರ್ ಒಂದನ್ನೂ ತಪ್ಪಿಸಲಿಲ್ಲ. ಆದರೂ ಬ್ಯೋರ್ನ್‌ಡಾಲೆನ್ 1.3 ಸೆಕೆಂಡಿನಿಂದ ಗೆದ್ದರು. ಪೆನಾಲ್ಟಿ ಸುತ್ತು ಹಾಕಿಯೂ ಗೆದ್ದರೆಂದರೆ ಅದು ಕಾಲಿನ ಗೆಲುವು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಪುರುಷರಿಗಿದ್ದ ನಾಲ್ಕೂ ಬಯಾಥ್ಲಾನ್ ಚಿನ್ನ ಅವರಿಗೇ. ಅದೇ ಕೂಟದಲ್ಲಿ, ಶೂಟಿಂಗ್ ಇಲ್ಲದ 30 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀ ಓಟದಲ್ಲಿ ಐದನೆಯವರಾಗಿದ್ದರು. 2006ರಲ್ಲಿ ಸ್ವೀಡನ್ನಿನ ಯೆಲಿವಾರೆಯಲ್ಲಿ ಕ್ರಾಸ್ ಕಂಟ್ರಿ ವಿಶ್ವಕಪ್ ಸ್ಪರ್ಧೆಯನ್ನೂ ಗೆದ್ದರು. ಎದೆಬಡಿತದ ಕತೆ ಹೇಳುವವರು ಇದನ್ನು ಯಾಕೋ ಹೇಳುವುದೇ ಇಲ್ಲ.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ಅಷ್ಟರಲ್ಲಿ 8 ಚಿನ್ನ ಸೇರಿ 13 ಒಲಿಂಪಿಕ್ ಪದಕ ಗೆದ್ದಿದ್ದವರು 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಯಾಕೆ ಓಡಲಿಲ್ಲ? ನಾರ್ವೆ ಆಯ್ಕೆ ಮಾಡಲಿಲ್ಲ. ಆ ಸೀಸನ್‌ನ ಫಲಿತಾಂಶ ಸಾಲಲಿಲ್ಲ. ಹಳೆಯ ಪದಕಕ್ಕೆ ತಂಡದಲ್ಲಿ ಜಾಗ ಕೊಡದ ದೇಶ ಅದು. ನನಗೆ ಅದು ಸರಿ ಎನಿಸುತ್ತದೆ. ಅವರು ಮನೆಯಲ್ಲಿ ಕೂರಲಿಲ್ಲ. ಹೆಂಡತಿ ಡಾರ್ಯಾ ಡೊಮ್ರಾಚೆವಾ ಆಡುತ್ತಿದ್ದ ಬೆಲಾರಸ್ ತಂಡದ ಜೊತೆ ತರಬೇತಿಗೆ ನೆರವಾಗಲು ಹೋದರು. ಮಹಿಳೆಯರ ರಿಲೇ ಚಿನ್ನವನ್ನು ಬೆಲಾರಸ್ ಗೆದ್ದಿತು, ಕೊನೆಯ ಲೆಗ್ ಓಡಿದ್ದು ಡೊಮ್ರಾಚೆವಾ. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಯೋರ್ನ್‌ಡಾಲೆನ್ ನಿವೃತ್ತಿ ಘೋಷಿಸಿದರು.